ಲಂಕಾವಿಯಲ್ಲಿರುವ ನಮ್ಮ ಕ್ಯಾಟಮರಾನನ್ನು ಕಲಬುರಗಿಯಲ್ಲಿದ್ದುಕೊಂಡು ಮಾರುವುದು ಹೇಗೆ?

ಪ್ರಶ್ನೆ: ನಿವೃತ್ತ ಮರೀನ್ ಇಂಜಿನಿಯರ್, ಕಲಬುರಗಿ

ಎಲ್ಲರಿಗೂ ಶರಣು. ಇಪ್ಪತ್ತೆಂಟು ವರ್ಷ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದ ಹಣದಲ್ಲಿ ನಾನೂ ನನ್ನ ಹೆಂಡತಿಯೂ 2015ರಲ್ಲಿ ಒಂದು ಹಳೆಯ ಕ್ಯಾಟಮರಾನ್, ಅಂದರೆ ಎರಡು ಒಡಲುಗಳನ್ನು ಜೋಡಿಸಿದ ಹಾಯಿದೋಣಿ, ಕೊಂಡೆವು. ಅದು 2006ರಲ್ಲಿ ಫ್ರಾನ್ಸಿನಲ್ಲಿ ತಯಾರಾದ ಲಗೂನ್ 380. ಉದ್ದ 11.55 ಮೀಟರ್, ಅಗಲ 6.53 ಮೀಟರ್, ನೀರಿನೊಳಗೆ ಇಳಿಯುವ ಆಳ ಬರೀ 1.15 ಮೀಟರ್. ಬಾಡಿಗೆಗೆ ಓಡಿಸುವವರು ಕೊಳ್ಳುವ ನಾಲ್ಕು ಕೋಣೆಯ ಮಾದರಿಯಲ್ಲ. ಒಂದು ಒಡಲು ಪೂರ್ತಿಯಾಗಿ ಮಾಲೀಕರಿಗೇ ಮೀಸಲಾಗಿರುವ ಮೂರು ಕೋಣೆಯ ಮಾದರಿ. ಏಳು ವರ್ಷ ಅದೇ ನಮ್ಮ ಮನೆಯಾಗಿತ್ತು. ಸೌರ ಫಲಕ, ಲಿಥಿಯಂ ಬ್ಯಾಟರಿ, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಎಲ್ಲವನ್ನೂ ನಾನೇ ಕೂಡಿಸಿದ್ದೇನೆ, ಪ್ರತಿ ಕೆಲಸದ ಲೆಕ್ಕವೂ ಎರಡು ದಪ್ಪ ರಿಜಿಸ್ಟರುಗಳಲ್ಲಿದೆ.

ನನ್ನ ತಾಯಿ ಜಾರಿ ಬಿದ್ದು ಹಾಸಿಗೆ ಹಿಡಿದ ಮೇಲೆ ನಾವು ಊರಿಗೆ ಬಂದೆವು. ಇನ್ನು ಮರಳಿ ದೋಣಿಯಲ್ಲಿ ಬಾಳುವ ಮಾತಿಲ್ಲ. ದೋಣಿಯನ್ನು ಮಲೇಷ್ಯಾದ ಲಂಕಾವಿ ದ್ವೀಪದ ಒಂದು ಮರೀನಾದಲ್ಲಿ (ದೋಣಿಗಳ ತಂಗುದಾಣದಲ್ಲಿ) ನೀರಿನಿಂದ ಎತ್ತಿ ಆನಿಕೆಗಳ ಮೇಲೆ ನಿಲ್ಲಿಸಿ ಹದಿನಾಲ್ಕು ತಿಂಗಳಾಯಿತು. ತಿಂಗಳು ತಿಂಗಳೂ ಜಾಗದ ಬಾಡಿಗೆ ಹೋಗುತ್ತಿದೆ. ಮೊದಲು ಗೊತ್ತು ಮಾಡಿದ ದಲ್ಲಾಳಿ, ಆರು ತಿಂಗಳು ಬೇರೆಯವರಿಗೆ ಮಾರಾಟ ವಹಿಸಬಾರದೆಂದು ಬರೆಸಿಕೊಂಡು, ನಾವು ಕೊಂಡಾಗಿನ ಹಳೆಯ ಫೋಟೋಗಳನ್ನೇ ಹಾಕಿ ಸುಮ್ಮನಾದರು. ಕಡೆಗೆ ಬಂದ ಒಬ್ಬ ಗಿರಾಕಿ ನಾವು ಹೇಳಿದ ಬೆಲೆಗಿಂತ ಶೇಕಡಾ 20 ಕಡಿಮೆ ಕೇಳಿದರು.

ತಿಳಿದವರು ದಯವಿಟ್ಟು ಹೇಳಿ. ರಿಪೇರಿ ಮಾಡಿಸಿ ಮಾರಬೇಕೋ, ಇದ್ದಂತೆಯೇ ಮಾರಬೇಕೋ? ಕೊಚ್ಚಿಗೆ ತಂದರೆ ನಮ್ಮ ದೇಶದಲ್ಲೇ ಗಿರಾಕಿ ಸಿಗಬಹುದೋ? ಇನ್ನೊಂದು ಮಾತು ಮನಸ್ಸನ್ನು ಕೊರೆಯುತ್ತಿದೆ. 2019ರಲ್ಲಿ ರಾತ್ರಿ ಲಂಗರು ಜಾರಿ, ಬಲಗಡೆಯ ಕೀಲ್ (ಒಡಲಿನ ತಳದಿಂದ ಕೆಳಕ್ಕೆ ಚಾಚಿದ ಭಾಗ) ಬಂಡೆಗೆ ತಾಗಿತ್ತು. ಒಳ್ಳೆಯ ಕೆಲಸಗಾರರಿಂದ ಸರಿ ಮಾಡಿಸಿದ್ದೇನೆ, ಹೊರಗಿನಿಂದ ಗುರುತು ಸಿಗುವುದಿಲ್ಲ. ಅದನ್ನು ಜಾಹೀರಾತಿನಲ್ಲೇ ಬರೆಯಬೇಕೇ?

ಉತ್ತರ 1: ಮರೀನ್ ಸರ್ವೇಯರ್, ಊರು ಶಹಾಪುರ, ಕೆಲಸ ಕೊಚ್ಚಿ

ಅಣ್ಣಾವರಿಗೆ ಶರಣು. ಬಂಡೆಯ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬರೆಯಿರಿ. ದೋಣಿ ಕೊಳ್ಳುವವರು ತಮ್ಮ ಖರ್ಚಿನಲ್ಲಿ ದೋಣಿ ಪರೀಕ್ಷಿಸುವ ಸರ್ವೇಯರನ್ನು ಕರೆತರುತ್ತಾರೆ. ಬೇಸಿಗೆಯಲ್ಲಿ ಗಡಿಗೆ ಕೊಳ್ಳುವವರು ಬೆರಳು ಮಡಚಿ ತಟ್ಟಿ ನೋಡುತ್ತಾರಲ್ಲ, ನಾವೂ ಸಣ್ಣ ಸುತ್ತಿಗೆಯಿಂದ ಒಡಲಿನ ಅಂಗೈಯಗಲ ಜಾಗವನ್ನೂ ಬಿಡದೆ ತಟ್ಟುತ್ತ ಹೋಗುತ್ತೇವೆ. ಗಟ್ಟಿಯಿದ್ದಲ್ಲಿ ಸದ್ದು ಖಣಿಲ್ಲೆನ್ನುತ್ತದೆ. ಪದರ ಬಿಟ್ಟಿದ್ದರೆ, ಒಳಗೆ ತೇವ ಸೇರಿದ್ದರೆ ಬದ್ ಎಂದು ಸತ್ತ ಸದ್ದು ಬರುತ್ತದೆ. ಆಮೇಲೆ ತೇವಮಾಪಕ ಹಿಡಿಯುತ್ತೇವೆ. ನಾಲ್ಕು ವರ್ಷದ ಹಿಂದೆ ನಾನು ನೋಡಿದ ಒಂದು ದೋಣಿಯಲ್ಲಿ ಮಾಲೀಕರು ಇಂಥದೇ ರಿಪೇರಿಯನ್ನು ಮುಚ್ಚಿಟ್ಟಿದ್ದರು. ಕೆಲಸ ಚೊಕ್ಕವಾಗಿಯೇ ಇತ್ತು, ಆದರೆ ಸದ್ದು ಬೇರೆಯಾದ ಗಳಿಗೆಯಲ್ಲೇ ಕೊಳ್ಳುವವರ ಮುಖ ಬದಲಾಯಿತು. ಆಮೇಲೆ ಅವರು ಇಂಜಿನ್ನಿನ ಗಂಟೆಗಳ ಲೆಕ್ಕವನ್ನೂ ನಂಬಲಿಲ್ಲ. ಮುಂಗಡ ವಾಪಸ್ ಪಡೆದು ಹೊರಟುಹೋದರು. ನೀವು ರಿಪೇರಿಯ ಫೋಟೋ, ಬಿಲ್ಲು, ದಿನಾಂಕಗಳನ್ನು ಮೊದಲೇ ಮುಂದಿಟ್ಟರೆ, ಅದೇ ಕೀಲ್ ನಿಮ್ಮ ಉಳಿದ ಮಾತುಗಳಿಗೆಲ್ಲ ಸಾಕ್ಷಿಯಾಗುತ್ತದೆ. ಇಂಥ ದೋಣಿಗಳ ಗಿಡ್ಡ ಕೀಲ್‌ಗಳು ಒಡಲಿಗೆ ಆಮೇಲೆ ಕೂಡಿಸಿದ ಭಾಗಗಳಾದ್ದರಿಂದ ಅವಕ್ಕೆ ಪೆಟ್ಟಾದರೂ ಸಾಮಾನ್ಯವಾಗಿ ಒಡಲಿನೊಳಗೆ ನೀರು ಬರುವುದಿಲ್ಲವೆಂಬುದು ತಿಳಿದವರಿಗೆ ಗೊತ್ತಿರುತ್ತದೆ.

ರಿಪೇರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ದೋಣಿ ನೀರಿನ ಹೊರಗೆ ಇರುವಾಗಲೇ ಆಗಬೇಕಾದ ಕೆಲಸಗಳನ್ನು ಮಾಡಿಸಿ, ಅಲಂಕಾರಕ್ಕೆ ಹಣ ಹಾಕಬೇಡಿ. ಸೇಲ್‌ಡ್ರೈವಿನ (ಇಂಜಿನ್ನಿನ ಶಕ್ತಿಯನ್ನು ಒಡಲಿನ ತಳದ ಮೂಲಕ ಪ್ರೊಪೆಲ್ಲರಿಗೆ ಒಯ್ಯುವ ಭಾಗದ) ರಬ್ಬರ್ ಡಯಾಫ್ರಾಮ್ ಯಾವಾಗ ಬದಲಿಸಿದ್ದೀರಿ? ಒಡಲಿನಲ್ಲಿ ಅಷ್ಟು ದೊಡ್ಡ ತೂತಿಗೆ ಅಡ್ಡವಾಗಿರುವುದು ಆ ರಬ್ಬರೊಂದೇ. ಇಂಜಿನ್ ತಯಾರಿಸುವ ವೋಲ್ವೊ ಪೆಂಟಾದವರು ಏಳು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ನೀವು ಇಂಜಿನಿಯರ್ ಆದ್ದರಿಂದ ಹೆಚ್ಚು ಹೇಳಬೇಕಿಲ್ಲ. ಎರಡೂ ಕಡೆ ಬದಲಿಸಿ, ಹಳೆಯ ರಬ್ಬರನ್ನು ಎಸೆಯದೆ ತೋರಿಸಲು ಇಟ್ಟುಕೊಳ್ಳಿ. ಡೆಕ್ಕಿನ ತಿರುಳು ಬಾಲ್ಸಾ ಎಂಬ ಹಗುರ ಮರದ್ದು. ಕಂಬಿ, ಕೊಂಡಿಗಳ ಬೋಲ್ಟುಗಳ ಸುತ್ತ ಮಳೆನೀರು ಇಳಿದರೆ ಅದು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಸಂಶಯವಿದ್ದ ಬೋಲ್ಟುಗಳನ್ನು ಬಿಚ್ಚಿ ಮತ್ತೆ ಸೀಲ್ ಮಾಡಿಸಿ.

ಹಾಯಿಕಂಬದ ತಂತಿಗಳ ಮಾತು ಬೇರೆ. ಇಂಥ ಕ್ಯಾಟಮರಾನಿನ ಕಂಬಕ್ಕೆ ಹಿಂದಿನಿಂದ ಎಳೆಯುವ ತಂತಿ ಇರುವುದಿಲ್ಲ, ಭಾರವೆಲ್ಲ ಮುಂದಿನ ತಂತಿಯ ಮೇಲೂ ಪಕ್ಕದ ತಂತಿಗಳ ಮೇಲೂ ಬೀಳುತ್ತದೆ. ಹತ್ತು ವರ್ಷ ದಾಟಿದ ತಂತಿಗಳಿದ್ದರೆ ಅನೇಕ ವಿಮಾ ಕಂಪನಿಗಳು ವಿಮೆ ಕೊಡಲು ಹಿಂಜರಿಯುತ್ತವೆ. ಆದರೂ ನೀವೇ ಬದಲಿಸಲು ಹೋಗಬೇಡಿ. ಸ್ಥಳೀಯ ಕೆಲಸಗಾರರಿಂದ ಅಂದಾಜು ಪಟ್ಟಿ ತರಿಸಿ ಕೊಳ್ಳುವವರ ಮುಂದಿಡಿ, ಅಷ್ಟನ್ನು ಬೆಲೆಯಲ್ಲಿ ಬಿಡಿ. ದೂರದ ಪಯಣಕ್ಕೆ ಹೊರಡುವವರು ತಂತಿಗಳನ್ನು ತಮ್ಮ ಕಣ್ಣೆದುರೇ ಹಾಕಿಸಲು ಬಯಸುತ್ತಾರೆ.

ಉತ್ತರ 2: ಗೃಹಿಣಿ, ಬೀದರ್

ಅಣ್ಣಾವರೆ, ನಾವೂ ನಾಲ್ಕು ವರ್ಷ ಇಂಥದೇ ದೋಣಿಯಲ್ಲಿ ಬಾಳಿ, ಥೈಲ್ಯಾಂಡಿನ ಫುಕೆಟ್‌ನಲ್ಲಿ ಅದನ್ನು ಮಾರಿ ಊರಿಗೆ ಬಂದವರು. ವೈನಿಯವರನ್ನೂ ಜೊತೆಗೆ ಕರೆದುಕೊಂಡು ಒಮ್ಮೆ ಲಂಕಾವಿಗೆ ಹೋಗಿಬನ್ನಿ ಎಂಬುದು ನನ್ನ ಮೊದಲ ಮಾತು. ಮುಚ್ಚಿಟ್ಟ ದೋಣಿಯೊಳಗೆ ಆ ಕಡೆಯ ಸೆಕೆಗೆ ಬೂಷ್ಟು ಹಿಡಿಯುತ್ತದೆ. ಹಾಸಿಗೆ, ಪರದೆ, ಕಪಾಟಿನ ಒಳಬದಿ ಎಲ್ಲವೂ ಒಂದೇ ವಾಸನೆ ಹೊಡೆಯುತ್ತವೆ. ಕೊಳ್ಳಲು ಬಂದವರು ಬಾಗಿಲು ತೆರೆದ ಕ್ಷಣದಲ್ಲಿ ಮೂಗಿಗೆ ಬಡಿಯುವುದು ಅದು. ತೊಳೆದು, ಒಣಗಿಸಿ, ತೇವ ಎಳೆಯುವ ಯಂತ್ರವನ್ನು ಹಚ್ಚಿಟ್ಟು ಬನ್ನಿ.

ನಿಮ್ಮ ಸ್ವಂತ ಸಾಮಾನನ್ನು ಪೂರ್ತಿ ಇಳಿಸಿಬಿಡಿ. ಇದು ಬರೀ ಅಂದಕ್ಕಲ್ಲ. ಕ್ಯಾಟಮರಾನಿಗೆ ಭಾರ ಆಗಿಬರುವುದಿಲ್ಲ: ಹೆಚ್ಚಾದರೆ ಎರಡು ಒಡಲುಗಳ ನಡುವಿನ ತಳ ನೀರಿಗೆ ಹತ್ತಿರವಾಗಿ, ಅಲೆಗಳು ಕೆಳಗಿನಿಂದ ಧಡ್ ಧಡ್ ಎಂದು ಬಡಿಯುತ್ತವೆ. ಬಲ್ಲವರು ದೋಣಿ ನೀರಿನಲ್ಲಿ ಎಷ್ಟು ಆಳಕ್ಕೆ ಕುಳಿತಿದೆ ಎಂಬುದನ್ನು ದೂರದಿಂದಲೇ ನೋಡುತ್ತಾರೆ.

ಜಾಹೀರಾತಿನಲ್ಲಿ ಯಂತ್ರಗಳ ಪಟ್ಟಿಯಷ್ಟೇ ಇದ್ದರೆ ಸಾಲದು, ಅದರಲ್ಲಿ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಬರೆಯಿರಿ. ಮೋಡವಿದ್ದ ದಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ನೀರಿನ ಯಂತ್ರ ಗಂಟೆಗೆ ಎಷ್ಟು ಲೀಟರ್ ಕೊಡುತ್ತದೆ, ಫ್ರಿಜ್ ರಾತ್ರಿಯಿಡೀ ನಡೆಯುತ್ತದೆಯೇ, ಅಡಿಗೆ ಮಾಡುವವರಿಗೆ ಕಿಟಕಿಯ ಗಾಳಿ ತಾಗುತ್ತದೆಯೇ. ನಮ್ಮ ದೋಣಿ ನೋಡಲು ಬಂದ ದಂಪತಿಯನ್ನು ಸಮುದ್ರಕ್ಕೆ ಕರೆದುಕೊಂಡು ಹೋದಾಗ, ಹಾಯಿ ಬಿಚ್ಚಿ ಸಾಗುತ್ತಿರುವಾಗಲೇ ನಾನು ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿದೆ. ಒಂಟಿ ಒಡಲಿನ ದೋಣಿ ಗಾಳಿಗೆ ವಾಲಿಕೊಂಡು ಸಾಗುತ್ತದೆ, ಅದರಲ್ಲಿ ಈ ಕೆಲಸ ಆಗದು. ಹಿಟ್ಟಿನ ಡಬ್ಬಿ ಇಟ್ಟಲ್ಲೇ ನಿಂತಿತ್ತು. ಆ ಹೆಂಗಸು ಇಂಜಿನ್ ನೋಡುವುದನ್ನು ಬಿಟ್ಟು ಬಂದು, ರೊಟ್ಟಿ ಹಂಚಿನ ಮೇಲೆ ಉಬ್ಬುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದರು. ದೋಣಿಯಲ್ಲಿ ಬಾಳಬಯಸುವವರು ಮನೆಯನ್ನು ಹುಡುಕುತ್ತಿರುತ್ತಾರೆ ಅಣ್ಣಾ, ಅದನ್ನು ಅವರಿಗೆ ಕಾಣಿಸಬೇಕು.

ಉತ್ತರ 3: ಚಾರ್ಟರ್ಡ್ ಅಕೌಂಟೆಂಟ್, ಬೀದರ್

ಮಾನ್ಯರೆ, ಕೊಚ್ಚಿಗೆ ತರುವ ಯೋಚನೆಯನ್ನು ದಯವಿಟ್ಟು ಬಿಡಿ. ಅಲ್ಲಿನ ಬೋಳ್ಗಾಟ್ಟಿಯ ಮರೀನಾ ಚೆನ್ನಾಗಿದೆ, ಆದರೆ ಮಾರುವ ಉದ್ದೇಶದಿಂದ ತಂದರೆ ಅದು ಆಮದು. ಕಸ್ಟಮ್ಸ್ ಸುಂಕ ಒಂದು ಕಡೆ, ಅದರ ಮೇಲೆ ಜಿಎಸ್‌ಟಿ. ಮೋಜಿನ ದೋಣಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿದೆ. ಲಂಕಾವಿಯಾದರೋ 1987ರಿಂದ ಸುಂಕವಿಲ್ಲದ ದ್ವೀಪ, ದೋಣಿಯಲ್ಲೇ ಬಾಳುವ ಜನ ಬಂದುಹೋಗುವ ಜಾಗ. ಈಶಾನ್ಯ ಮಾರುತದ ಕಾಲದಲ್ಲಿ, ಜನವರಿ ಫೆಬ್ರವರಿಯ ಸುಮಾರಿಗೆ, ಪಶ್ಚಿಮಕ್ಕೆ ಹೊರಡುವವರು ಅಲ್ಲಿಂದ ಹೊರಡುತ್ತಾರೆ. ಅಷ್ಟರೊಳಗೆ ದೋಣಿ ಸಿದ್ಧವಾಗಿರಲಿ.

ನಮ್ಮೂರಿನದೇ ಒಂದು ಸಂಗತಿ ನೆನಪಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಒಂದು ಕುದುರೆಯನ್ನು ಹಡಗಿನಲ್ಲಿ ಕೊಂಕಣ ಕರಾವಳಿಯ ಚೌಲ್ ಬಂದರಿಗೆ ತಂದು, ಮಾರಾಟವಾಗದೆ ತಿಂಗಳುಗಟ್ಟಲೆ ಮೇವು ಹಾಕಿ ಸಾಕಿ, ಕಡೆಗೆ ಬೀದರಿನಲ್ಲಿ ಮಾರಿದ. ನಿಮ್ಮ ದೋಣಿಯ ಮೇವೆಂದರೆ ಆ ಜಾಗದ ಬಾಡಿಗೆ. ಹದಿನಾಲ್ಕು ತಿಂಗಳ ಬಾಡಿಗೆಯನ್ನು ಕೂಡಿಸಿ ನೋಡಿ, ಆಮೇಲೆ ಆ ಶೇಕಡಾ 20ರ ವ್ಯತ್ಯಾಸವನ್ನು ಅಳೆಯಿರಿ.

ಹೊಸ ದಲ್ಲಾಳಿಯನ್ನು ಗೊತ್ತು ಮಾಡುವಾಗ, ವಹಿಸಿಕೊಡುವ ಅವಧಿ ಮೂರು ತಿಂಗಳಿಗೆ ಮೀರದಿರಲಿ, ಹೊಸ ಫೋಟೋಗಳೂ ತಿಂಗಳಿಗೊಂದು ವರದಿಯೂ ಒಪ್ಪಂದದಲ್ಲೇ ಇರಲಿ. ದಲ್ಲಾಳಿಯ ಕಮಿಷನ್ ಸಾಮಾನ್ಯವಾಗಿ ಶೇಕಡಾ 10 ಇರುತ್ತದೆ. ಕೊಳ್ಳುವವರು ಕೊಡುವ ಶೇಕಡಾ 10 ಮುಂಗಡವು ದಲ್ಲಾಳಿಯ ಸ್ವಂತ ಖಾತೆಗೆ ಹೋಗಬಾರದು, ಗಿರಾಕಿಗಳ ಹಣಕ್ಕೆಂದೇ ಇರುವ ಪ್ರತ್ಯೇಕ ಖಾತೆಯಲ್ಲಿರಬೇಕು. ತಯಾರಕರ ಪ್ರಮಾಣಪತ್ರ, ಮೊದಲ ಮಾಲೀಕರಿಂದ ನಿಮ್ಮವರೆಗಿನ ಎಲ್ಲ ಕ್ರಯಪತ್ರಗಳು, ದೋಣಿಯ ಮೇಲೆ ಸಾಲವಿಲ್ಲವೆಂಬ ದಾಖಲೆ ಈಗಲೇ ಒಂದೆಡೆ ಸೇರಲಿ. ಮಾರಾಟವಾದ ಮೇಲೆ ನೋಂದಣಿಯಿಂದ ಹೆಸರು ತೆಗೆಸಿದ ಪತ್ರವನ್ನೂ ಕೇಳುತ್ತಾರೆ. ನಿಮ್ಮ ಮನೆಯವರ ಹೆಸರೂ ದಾಖಲೆಯಲ್ಲಿದ್ದರೆ ಅವರ ಸಹಿಯೂ ಬೇಕು.

ತೆರಿಗೆಯ ಬಗ್ಗೆ ಒಂದು ಮಾತು: ಬಾಡಿಗೆಗೆ ಬಿಡದೆ ಸ್ವಂತಕ್ಕೇ ಬಳಸಿದ ಚರಾಸ್ತಿ ಸಾಮಾನ್ಯವಾಗಿ ಬಂಡವಾಳ ಆಸ್ತಿಯ (ಮಾರಿದ ಲಾಭಕ್ಕೆ ತೆರಿಗೆ ಬೀಳುವ ಆಸ್ತಿಯ) ವ್ಯಾಖ್ಯಾನಕ್ಕೆ ಬರುವುದಿಲ್ಲ, ನಿಮ್ಮ ದೋಣಿ ಹಾಗೆಯೇ ಇತ್ತೆಂಬುದಕ್ಕೆ ಆ ರಿಜಿಸ್ಟರುಗಳೇ ಆಧಾರವಾಗುತ್ತವೆ. ಆದರೆ ಊರಿಗೆ ಮರಳಿದ ಮೇಲೆ ನಿಮ್ಮ ನಿವಾಸದ ಸ್ಥಿತಿ ಯಾವ ವರ್ಷ ಬದಲಾಯಿತು ಎಂಬುದನ್ನು ಗೊತ್ತುಪಡಿಸಿಕೊಳ್ಳಿ. ಅಲ್ಲಿಂದ ಮುಂದೆ ವಿದೇಶಿ ಆಸ್ತಿಯನ್ನು ರಿಟರ್ನಿನಲ್ಲಿ ತೋರಿಸುವ ಹೊಣೆ ಇರುತ್ತದೆ, ಅದನ್ನು ಬಿಟ್ಟರೆ ದಂಡ ಭಾರಿಯಾಗಿದೆ. ಹಣ ಬ್ಯಾಂಕಿನ ಮೂಲಕವೇ, ಕ್ರಯಪತ್ರದ ಸಮೇತ ಬರಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಅನಂತ ಶರಣು. ಬಾಡಿಗೆಯನ್ನು ನಿನ್ನೆ ರಾತ್ರಿ ಕೂಡಿಸಿ ನೋಡಿದೆ. ಆ ಶೇಕಡಾ 20ರಲ್ಲಿ ಅರ್ಧದಷ್ಟು ಈಗಾಗಲೇ ಕರಗಿಹೋಗಿದೆ. ತಾಯಿಯನ್ನು ನೋಡಿಕೊಳ್ಳಲು ತಂಗಿ ಎರಡು ವಾರ ಬರುವುದಾಗಿ ಹೇಳಿದ್ದಾಳೆ, ಆಗ ನಾವಿಬ್ಬರೂ ಹೋಗುತ್ತೇವೆ. ಡಯಾಫ್ರಾಮ್ ಬದಲಿಸಿ ಒಂಬತ್ತು ವರ್ಷವಾಗಿದೆ, ಎರಡನ್ನೂ ನನ್ನ ಕೈಯಿಂದಲೇ ಬದಲಿಸುತ್ತೇನೆ. ಕೀಲ್ ರಿಪೇರಿಯ ಹನ್ನೊಂದು ಫೋಟೋಗಳು ಹಳೆಯ ಫೋನಿನಲ್ಲಿ ಸಿಕ್ಕಿವೆ, ಅವು ಜಾಹೀರಾತಿನಲ್ಲಿ ಮೊದಲಿಗೇ ಬರಲಿವೆ. ಶಹಾಪುರದ ತಮ್ಮಾ, ಹಳೆಯ ರಬ್ಬರನ್ನು ಬಿಚ್ಚಿದ ದಿನವೇ ಅದರ ಚಿತ್ರವನ್ನು ಇಲ್ಲಿ ಹಾಕುತ್ತೇನೆ. ಬಿರುಕು ಎಷ್ಟು ಆಳಕ್ಕೆ ಹೋಗಿದೆ ಎಂದು ನೀವೊಮ್ಮೆ ನೋಡಿ ಹೇಳಬೇಕು.