ಮನೇಲಿ ಕಟ್ಟಿದ ವಿಮಾನ: ಹಾರುವ ಮುಂಚೆ ಪೆಟ್ರೋಲ್ ಲೈನ್ ಪರೀಕ್ಷೆ ಹೇಗೆ?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನಾವು ಮೂವರು ಸೇರಿ ಎರಡು ಸೀಟಿನ ವಿಮಾನ ಕಟ್ಟಿದ್ದೇವೆ. ಎರಡೂ ರೆಕ್ಕೆಯಲ್ಲಿ ಟ್ಯಾಂಕ್, 100 ಹಾರ್ಸ್‌ಪವರ್ ರೋಟಾಕ್ಸ್ 912 ಎಂಜಿನ್. ರನ್‌ವೇ ಮೇಲೆ ಓಡಾಡಿಸಿದ್ದಾಯ್ತು, ತೊಂದರೆ ಇಲ್ಲ. ಇನ್ನೇನು ನೋಡಬೇಕು?

ಉತ್ತರ 1: ಓಡಾಡಿಸಿದ್ದನ್ನೇ ನಂಬಬೇಡಿ ಸರ್. ಆಗ ಎಂಜಿನ್ ಕುಡಿಯೋದೇ ಕಡಿಮೆ. ಮೇಲೇರುವಾಗ ಮೂತಿ ಎಷ್ಟು ಎತ್ತಿರುತ್ತದೋ ಅಷ್ಟೇ ಎತ್ತಿ ನಿಲ್ಲಿಸಿ. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇರಲಿ. ಎರಡು ಕಾರ್ಬ್ಯುರೇಟರ್‌ಗೂ ಹೋಗುವ ಪೈಪ್ ಬಿಚ್ಚಿ, ಎಲೆಕ್ಟ್ರಿಕ್ ಪಂಪ್ ಹಾಕಿ, ಅಳತೆ ಕ್ಯಾನಿಗೆ ಬಿಡಿ. ಈ ಎಂಜಿನ್ ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇದ್ದರೆ ಅದರ 125% ಬರಬೇಕು, ಅಂದರೆ ನಿಮಿಷಕ್ಕೆ 560 ಮಿ.ಲೀ.ಗಿಂತ ಜಾಸ್ತಿ. ಪಂಪ್ ಇಲ್ಲದೆ ತಾನಾಗಿ ಇಳಿಯುವ ವ್ಯವಸ್ಥೆಗೆ 150%. ಒಂದೊಂದು ಟ್ಯಾಂಕನ್ನೂ ಬೇರೆ ಬೇರೆಯಾಗಿ ನೋಡಿ. ಧಾರೆ ತುಂಡಾಗೋಕೆ ಶುರುವಾದ ಮೇಲೆ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆಯೋ ಅದು ನಿಮಗೆ ಸಿಗದ ಪೆಟ್ರೋಲ್, ಲೆಕ್ಕದಿಂದ ತೆಗೆದುಬಿಡಿ. ಕ್ಯಾನ್ ಲೋಹದ್ದಿರಲಿ, ಸ್ಥಿರ ವಿದ್ಯುತ್ತಿನ ಕಿಡಿ ಹಾರದ ಹಾಗೆ ಕ್ಯಾನಿಗೂ ವಿಮಾನಕ್ಕೂ ತಂತಿ ಕಟ್ಟಿ. ಬಯಲಲ್ಲೇ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ.

ಉತ್ತರ 2: ಮೇಲಿನದಕ್ಕೆ ಒಂದು ಸೇರಿಸಿ: ಟ್ಯಾಂಕ್ ಮುಚ್ಚಳ ಹಾಕಿಯೇ ಅಳೆಯಿರಿ. ಮುಚ್ಚಳ ತೆಗೆದಿದ್ದರೆ ವೆಂಟ್ (ಟ್ಯಾಂಕಿನೊಳಗೆ ಗಾಳಿ ಬರುವ ಸಣ್ಣ ಪೈಪ್) ಕಟ್ಟಿಕೊಂಡಿದ್ದರೂ ಗೊತ್ತಾಗಲ್ಲ. ನಮ್ಮ ವಿಮಾನದಲ್ಲಿ ಮೊದಲ ನಿಮಿಷ ಧಾರೆ ಚೆನ್ನಾಗಿತ್ತು, ಆಮೇಲೆ ಸಣ್ಣಗಾಗುತ್ತಾ ಹೋಯ್ತು. ವೆಂಟ್ ಪೈಪಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು! ಅದಕ್ಕೇ ಒಂದು ನಿಮಿಷಕ್ಕೆ ನಿಲ್ಲಿಸಬೇಡಿ, ಟ್ಯಾಂಕ್ ಖಾಲಿ ಆಗೋವರೆಗೂ ಬಿಡಿ. ನಿಮ್ಮ ಕಡೆ ಸೆಕೆ ಜಾಸ್ತಿ ಅಲ್ವಾ, ಬಿಸಿ ಎಂಜಿನ್ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ, ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದ್ದರೆ ಅಲ್ಲೇ ಮುಗ್ಗರಿಸುತ್ತದೆ.

ಉತ್ತರ 3: ಸೆಲೆಕ್ಟರ್ ಮರೆಯಬೇಡಿ, ಅಂದರೆ ಯಾವ ಟ್ಯಾಂಕಿನಿಂದ ಪೆಟ್ರೋಲ್ ಬರಬೇಕು ಅಂತ ಆರಿಸುವ, ಬೇಕಾದರೆ ಪೂರ್ತಿ ನಿಲ್ಲಿಸುವ ವಾಲ್ವ್. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್‌ನಲ್ಲಿ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ತೀರಿಕೊಂಡ ಲಾಂಗ್-ಈಜೆಡ್ ವಿಮಾನ ಕೂಡ ಮನೇಲಿ ಕಟ್ಟಿದ್ದೇ. ಅದರ ಸೆಲೆಕ್ಟರ್ ಹಿಡಿಕೆ ಪೈಲಟ್‌ನ ಎಡ ಭುಜದ ಹಿಂದೆ ಇತ್ತು, ತಿರುಗಿಸಬೇಕಾದರೆ ಹಿಂದಕ್ಕೆ ಹೊರಳಬೇಕಿತ್ತು. ನೀವು ಬೆಲ್ಟ್ ಬಿಗಿದು ಕೂತು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಟ್ಯಾಂಕ್ ಬದಲಿಸೋಕೆ ಆಗುತ್ತಾ ನೋಡಿ. ಆಗದಿದ್ದರೆ ಹಿಡಿಕೆಯ ಜಾಗ ಬದಲಿಸಿ, ಹಾರಾಟ ಮುಂದಕ್ಕೆ ಹೋದರೂ ಪರವಾಗಿಲ್ಲ. ಆಮೇಲೆ ನೆಲದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಸೆಲೆಕ್ಟರ್ ಆಫ್ ಮಾಡಿ, ಎಂಜಿನ್ ಎಷ್ಟು ಸೆಕೆಂಡಿಗೆ ನಿಲ್ಲುತ್ತದೆ ಬರೆದಿಟ್ಟುಕೊಳ್ಳಿ. ಸೆಲೆಕ್ಟರ್ ಆಫ್ ಇದ್ದರೂ ಕಾರ್ಬ್ಯುರೇಟರ್ ಬಟ್ಟಲಲ್ಲಿ ಉಳಿದ ಪೆಟ್ರೋಲ್‌ನಲ್ಲೇ ವಿಮಾನ ನೆಲ ಬಿಟ್ಟುಬಿಡಬಹುದು.

ಪ್ರಶ್ನೆ ಕೇಳಿದವರು: ಮುಚ್ಚಳದ ವಿಷಯ ಹೊಳೆದೇ ಇರಲಿಲ್ಲ. ಫಿಲ್ಟರ್ ಯಾವಾಗ ತೆಗೆದು ನೋಡಬೇಕು?

ಉತ್ತರ 1: ಈ ಪರೀಕ್ಷೆ ಆದ ತಕ್ಷಣ, ಮತ್ತೆ ಮೊದಲ ಹಾರಾಟ ಮುಗಿದ ಮೇಲೆ. ಹೊಸ ಟ್ಯಾಂಕಿನಿಂದ ಅಲ್ಯುಮಿನಿಯಂ ಚೂರು, ಸೀಲಂಟ್ (ಸೋರದಂತೆ ಹಚ್ಚುವ ಅಂಟು) ತುಣುಕು ಬರುತ್ತಲೇ ಇರುತ್ತವೆ. ಏನೂ ಸಿಗದಂತಾಗುವವರೆಗೂ ಪ್ರತಿ ಸಲ ತೆಗೆದು ನೋಡಿ.