ಅಪ್‌ಡೇಟ್: ಮಸ್ಟ್ಯಾಂಗ್‌ಗೆ ಕೊನೆಗೂ ಸೂಪರ್‌ಚಾರ್ಜರ್ ಬಂತು

ಡಲ್ಲಾಸ್‌ನಲ್ಲಿ ದಿನಾ ಆಫೀಸಿಗೆ ಓಡಿಸೋ 2018ರ ಫೋರ್ಡ್ ಮಸ್ಟ್ಯಾಂಗ್ ಜಿಟಿಗೆ ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುರುಕಿ ಪವರ್ ಏರಿಸೋ ಪಂಪ್) ಹಾಕಿಸ್ಬೇಕು, ಫ್ಯಾನ್ ಥರ ತಿರುಗೋ ಸೆಂಟ್ರಿಫ್ಯೂಗಲ್ ಹಾಕಿಸಲಾ, ಜೋಡಿ ರೋಟರ್‌ಗಳಿಂದ ಗಾಳಿ ತಳ್ಳೋ ರೂಟ್ಸ್ ಥರದ್ದು ಹಾಕಿಸಲಾ ಅಂತ ಇಲ್ಲಿ ಕೇಳಿದ್ದೆನಲ್ಲ? ರೌಶ್ ಕಂಪನಿಯ ಕಿಟ್ ತಗೊಂಡೆ. ಒಳಗಿರೋದು ಈಟನ್ ಕಂಪನಿಯ 2.65 ಲೀಟರ್ ಟಿವಿಎಸ್, ಅಂದ್ರೆ ರೂಟ್ಸ್ ಥರದ್ದೇ (ನಮ್ಮ ಬೈಕ್ ಟಿವಿಎಸ್ ಅಲ್ಲ).

ಸೆಂಟ್ರಿಫ್ಯೂಗಲ್‌ನಲ್ಲಿ ಆರ್‌ಪಿಎಂ ಏರಿದ ಹಾಗೆ ಬೂಸ್ಟ್ (ಒಳಗೆ ತಳ್ಳೋ ಗಾಳಿಯ ಒತ್ತಡ) ಏರುತ್ತೆ. ನಾನೋ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳೋನು, 7000 ಆರ್‌ಪಿಎಂ ಯಾವ ಕಾಲಕ್ಕೆ ನೋಡ್ಲಿ? ಇದು ಕಡಿಮೆ ಆರ್‌ಪಿಎಂನಿಂದಲೇ ಎಳೆಯುತ್ತೆ, ಗೇರ್ ಇಳಿಸೋದೇ ಮರೆತುಹೋಗಿದೆ.

ರೂಟ್ಸ್ ಥರದ್ದು ಬೇಗ ಬಿಸಿಯಾಗುತ್ತೆ ಅಂತ ನೀವೆಲ್ಲ ಹೇಳಿದ್ದು ಮಾತ್ರ ನಿಜ. ಎಂಜಿನ್ ನೆತ್ತಿ ಮೇಲೇ ಕೂರೋ ಪುಣ್ಯಾತ್ಮ ಇದು. ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಒಳಹೋಗೋ ಗಾಳಿ ಕಾಯುತ್ತೆ, ಎಂಜಿನ್ ಉಳಿಸೋಕೆ ಕಂಪ್ಯೂಟರ್ ಟೈಮಿಂಗ್ (ಕಿಡಿ ಹೊತ್ತೋ ಕ್ಷಣ) ತಗ್ಗಿಸುತ್ತೆ, ಗಾಡಿ ಸ್ವಲ್ಪ ಹೊತ್ತು ಮಂಕು. ಎಂಜಿನ್‌ನ ಕಂಪ್ರೆಷನ್ (ಗಾಳಿ-ಪೆಟ್ರೋಲ್ ಹಿಂಡೋ ಪ್ರಮಾಣ) ಮೊದಲೇ 12:1, ಜಾಸ್ತಿ; ಹಾಗಾಗಿ ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳದಿರಲಿ ಅಂತ 93 ಆಕ್ಟೇನ್ ಬಿಟ್ಟು ಬೇರೇನೂ ಹಾಕ್ತಿಲ್ಲ.

ಫಿಟ್ಟಿಂಗ್ ಮಾಡಿದವರು ಇಂಟರ್‌ಕೂಲರ್ (ಒಳಹೋಗೋ ಗಾಳಿ ತಣಿಸೋದು) ಪೈಪಿನ ಕ್ಲ್ಯಾಂಪ್ ಬಿಗಿಯದೆ ಬಿಟ್ಟಿದ್ದರು. ಎರಡನೇ ದಿನ ಗ್ಯಾರೇಜ್ ನೆಲದ ಮೇಲೆ ಕೂಲೆಂಟ್ ತೊಟ್ಟಿಕ್ಕಿತ್ತು. ಸ್ಕ್ರೂಡ್ರೈವರ್‌ನಲ್ಲಿ ಎರಡು ಸುತ್ತು, ನಿಂತಿತು.

ಸೂಪರ್‌ಚಾರ್ಜರ್ ಸದ್ದು ಕೇಳಿದ ಹೆಂಡತಿ, "ಇದೇನ್ರೀ, ಮಿಕ್ಸಿ ಆನ್ ಮಾಡಿಟ್ಟು ಬಂದ್ವಾ?" ಅಂದಳು.

ಸೂಪರ್‌ಚಾರ್ಜರ್ ಹಾಕಿದ್ಮೇಲೆ ಆಯಿಲ್ ಪಂಪ್ ಗೇರ್ ಮುರಿಯದ ಹಾಗೆ ಗಟ್ಟಿಯಾದದ್ದಕ್ಕೆ ಬದಲಿಸು ಅಂದವರಿಗೆ: ಇನ್ನೂ ಮಾಡಿಸಿಲ್ಲ, ಬೈಬೇಡಿ.