ಹತ್ತನೇ ಕ್ಲಾಸ್ ಮುಗಿಸಿ ಟೆಕ್ಸಾಸ್‌ಗೆ: ಸ್ಟಾರ್ ಪರೀಕ್ಷೆ ಬಗ್ಗೆ ಅನುಭವ ಹೇಳಿ

ಜುಲೈನಲ್ಲಿ ಬೆಂಗಳೂರಿನಿಂದ ಡಲ್ಲಾಸ್ ಕಡೆ ಹೋಗುತ್ತಿದ್ದೇವೆ. ಮಗಳದ್ದು ಹತ್ತನೇ ಕ್ಲಾಸ್ ಮುಗಿಯಿತು. ಅಲ್ಲಿ ಸ್ಟಾರ್ (STAAR) ಅನ್ನೋ ರಾಜ್ಯಮಟ್ಟದ ಪರೀಕ್ಷೆ ಪಾಸಾಗದಿದ್ದರೆ ಹೈಸ್ಕೂಲ್ ಡಿಪ್ಲೊಮಾನೇ, ಅಂದರೆ ಹನ್ನೆರಡನೇ ಕ್ಲಾಸ್ ಮುಗಿಸಿದ ಸರ್ಟಿಫಿಕೇಟೇ ಕೊಡಲ್ಲವಂತೆ, ನಿಜಾನಾ?

ಉತ್ತರ, ಡಲ್ಲಾಸ್ ಹತ್ತಿರದಿಂದ:
ನಿಜ ಮೇಡಂ, ಆದರೆ ಗಾಬರಿ ಬೇಡ. ಆಲ್ಜೀಬ್ರಾ 1, ಇಂಗ್ಲಿಷ್ 1 ಮತ್ತು 2, ಬಯಾಲಜಿ, ಅಮೆರಿಕದ ಇತಿಹಾಸ, ಇವೇ ಆ ಪರೀಕ್ಷೆಗಳು. ಕಾನೂನು ರಾಜ್ಯದ್ದು. ಮಗಳಿಗೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಅಂತ ಲೆಕ್ಕ ಹಾಕುವವರು ಮಾತ್ರ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನವರು, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ. ಇಂಡಿಯಾದಲ್ಲಿ ಓದಿದ ವಿಷಯಕ್ಕೆ ಅವರು ಕ್ರೆಡಿಟ್ ಕೊಟ್ಟರೆ, ಅಂದರೆ ಆ ಕೋರ್ಸ್ ಮುಗಿದಿದೆ ಅಂತ ಒಪ್ಪಿದರೆ, ಅದರ ಸ್ಟಾರ್ ಬರೆಯಬೇಕಾಗಿಲ್ಲ. ಹಾಗಾಗಿ ಒಂಬತ್ತು, ಹತ್ತರ ಮಾರ್ಕ್ಸ್ ಕಾರ್ಡಿಗೆ ಶಾಲೆಯ ಸೀಲ್ ಹಾಕಿಸಿಕೊಂಡೇ ಬನ್ನಿ. ನಮ್ಮ ಮಗನ ಕಾರ್ಡಿನಲ್ಲಿ ಬರೀ ‘ಸೈನ್ಸ್’ ಅಂತಿತ್ತು. ಇದರಲ್ಲಿ ಬಯಾಲಜಿ ಎಷ್ಟು ಅಂತ ಶಾಲೆಯ ಕೌನ್ಸೆಲರ್ (ಕೋರ್ಸ್, ಕ್ರೆಡಿಟ್ ವಿಷಯ ನೋಡಿಕೊಳ್ಳುವವರು) ಕೇಳಿದರು. ಪಠ್ಯಪುಸ್ತಕದ ಪರಿವಿಡಿ ಪುಟ ತೋರಿಸಿದ ಮೇಲೇ ಕ್ರೆಡಿಟ್ ಸಿಕ್ಕಿದ್ದು. ಪುಸ್ತಕಗಳನ್ನು ರದ್ದಿಗೆ ಹಾಕುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ. ಅಮೆರಿಕದ ಇತಿಹಾಸಕ್ಕೆ ಮಾತ್ರ ನಮ್ಮ ಚಾಲುಕ್ಯರು, ಹೊಯ್ಸಳರು ಕೆಲಸಕ್ಕೆ ಬರಲ್ಲ!

ಫೇಲಾದರೆ ಜೂನ್, ಡಿಸೆಂಬರ್‌ನಲ್ಲಿ ಮತ್ತೆ ಬರೆಯಬಹುದು. ಶಾಲೆ ಹೆಚ್ಚುವರಿ ಪಾಠ ಕೊಡಲೇಬೇಕು. ಹೇಗೆ ಕೊಡುತ್ತಾರೆ ಅಂತ ಸೇರುವಾಗಲೇ ಕೇಳಿ. ಕೆಲವು ಕಡೆ ಟೀಚರ್ ಕೂತು ಹೇಳಿಕೊಡುತ್ತಾರೆ, ಕೆಲವು ಕಡೆ ಸುಮ್ನೆ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ನನಗಂತೂ ಮನೆ ಯಾವ ಏರಿಯಾದಲ್ಲಿ ಅನ್ನುವುದಕ್ಕಿಂತ ಇದೇ ಜಾಸ್ತಿ ಮುಖ್ಯ.

ಕೊನೆಗೂ ಒಂದೋ ಎರಡೋ ಪರೀಕ್ಷೆ ಪಾಸಾಗದೆ ಉಳಿದರೆ, 2015ರ ಕಾನೂನಿನಿಂದ ಬಂದ ಸಮಿತಿ ಇದೆ. ಪ್ರಿನ್ಸಿಪಾಲ್, ಟೀಚರ್, ಪೋಷಕರು ಸೇರಿ ಪ್ರಾಜೆಕ್ಟ್, ಅಂಕಗಳು ಎಲ್ಲ ನೋಡಿ ಡಿಪ್ಲೊಮಾ ಕೊಡಬಹುದು. ಆದರೆ ಎಲ್ಲರೂ ಒಪ್ಪಬೇಕು.

ಉತ್ತರ, ಬಾಸ್ಟನ್ ಕಡೆಯಿಂದ:
ಬೇರೆ ರಾಜ್ಯದವರ ಸಲಹೆ ಕೇಳುವಾಗ ಹುಷಾರು. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ 2003ರ ಬ್ಯಾಚಿನಿಂದ ಎಂಕ್ಯಾಸ್ (MCAS) ಅನ್ನೋ ನಮ್ಮ ರಾಜ್ಯದ ಪರೀಕ್ಷೆ ಪಾಸಾಗಲೇಬೇಕಿತ್ತು. 2024ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ ಆ ನಿಯಮ ತೆಗೆಸಿದರು. ಪರೀಕ್ಷೆ ಈಗಲೂ ಇದೆ, ಡಿಪ್ಲೊಮಾಗೆ ಅದು ಬೇಡ ಅಷ್ಟೇ. ಯಾವ ಕೋರ್ಸ್ ಹೇಗೆ ಪಾಸಾಗಬೇಕು ಅಂತ ಈಗ ಡಿಸ್ಟ್ರಿಕ್ಟ್‌ಗಳೇ ಬರೆದುಕೊಳ್ಳುತ್ತಿವೆ. ಪಕ್ಕದೂರಿನಲ್ಲಿ ನಡೆದದ್ದು ನಮ್ಮೂರಿನಲ್ಲಿ ನಡೆಯುತ್ತೆ ಅನ್ನೋ ಹಾಗಿಲ್ಲ.

ಕೇಳಿದವರು:
ಥ್ಯಾಂಕ್ಸ್ ಸರ್, ಇಬ್ಬರಿಗೂ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ (SAT) ಬರೆದರೆ ಸ್ಟಾರ್‌ಗೆ ಏನಾದರೂ ಉಪಯೋಗ ಇದೆಯಾ?

ಡಲ್ಲಾಸ್ ಹತ್ತಿರದಿಂದ:
ಇದೆ. ನಿಗದಿ ಮಾಡಿದಷ್ಟು ಸ್ಕೋರ್ ಬಂದರೆ ಕೆಲವು ವಿಷಯಕ್ಕೆ ಸ್ಟಾರ್ ಬದಲು ಅದನ್ನೇ ಒಪ್ಪುತ್ತಾರೆ. ಎಪಿ (AP, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಪರೀಕ್ಷೆಗೂ ಹಾಗೇ. ಕೌನ್ಸೆಲರ್‌ಗೆ ಇಮೇಲ್‌ನಲ್ಲೇ ಕೇಳಿ, ಬರವಣಿಗೆಯಲ್ಲಿ ಉತ್ತರ ಇರಲಿ.